ಹಳೆಯ ರಾಕ್ ಆಲ್ಬಮ್‌ಗೂ ಹೊಸ ಜಾನಪದ ಆಲ್ಬಮ್‌ಗೂ ಒಂದೇ ಬಗೆಯ ವಿಮರ್ಶೆ ಸಾಕೇ?

ಸಾಲದು. ಮುಂಬೈಯ ಕನ್ನಡ ಸಂಘವೊಂದರ ಪತ್ರಿಕೆಗೆ ಎರಡನ್ನೂ ಬರೆಯಬೇಕಾಗಿದೆ ಎಂದಿದ್ದೀರಿ, ಆದ್ದರಿಂದ ನೇರವಾಗಿ ಹೇಳುತ್ತೇನೆ.

ಹಳೆಯದನ್ನು 'ಅಜರಾಮರ' ಎಂದು ಕೊಂಡಾಡಿದರೆ ಓದುಗನಿಗೆ ದಕ್ಕುವುದೇನೂ ಇಲ್ಲ. ಅದನ್ನು ಹೇಗೆ ಕಟ್ಟಿದ್ದಾರೆ ಎಂದು ತೋರಿಸಿ. ಎಲ್‌ಪಿಯ, ಅಂದರೆ ಎರಡೂ ಬದಿ ಹಾಡುವ ಹಳೆಯ ದೊಡ್ಡ ಗ್ರಾಮಫೋನ್ ತಟ್ಟೆಯ, ಒಂದು ಬದಿಯಲ್ಲಿ ಸಾಮಾನ್ಯವಾಗಿ 20 ನಿಮಿಷದ ಆಸುಪಾಸಿನ ಸಂಗೀತವಿರುತ್ತಿತ್ತು; ಹಾಡುಗಳ ಕ್ರಮ ಆ ಅಳತೆಗೆ ಹೊಂದಬೇಕಿತ್ತು. ಬ್ರಿಟಿಷ್ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 1973ರ ಆಲ್ಬಮ್ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಕೇಳಿ. ಮೊದಲ ಬದಿ ಪದಗಳಿಲ್ಲದ ಹೆಣ್ಣುದನಿಯಲ್ಲಿ ಮುಗಿಯುತ್ತದೆ. ತಟ್ಟೆ ಮಗುಚಿದರೆ ನಾಣ್ಯಗಳ ಝಣಝಣ, ಗಲ್ಲಾಪೆಟ್ಟಿಗೆಯ ಸದ್ದು, ಅದೂ ಏಳರ ಲೆಕ್ಕದಲ್ಲಿ! ಕರ್ನಾಟಕ ಸಂಗೀತದ ಏಳೆಣಿಕೆಯ ತಾಳ ಮಿಶ್ರಚಾಪು ಹಾಕಿ ಅಭ್ಯಾಸವಿರುವ ಕೈ ತಾನಾಗಿ ತೊಡೆ ತಟ್ಟುತ್ತದೆ. ಮೊಬೈಲ್‌ನಲ್ಲಿ ಒಂದೇ ಸಮನೆ ಕೇಳಿದರೆ ನಡುವಿನ ಬಿಡುವೇ ಇರುವುದಿಲ್ಲ. ಮುಂಬೈಯ ಕಾಳಾ ಘೋಡಾದಲ್ಲಿದ್ದ ಸಂಗೀತ ಮಳಿಗೆ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿತು, ನಿಜ. ಚೋರ್ ಬಜಾರಿನಲ್ಲಿ ಹುಡುಕಿದರೆ ಹಳೆಯ ಎಲ್‌ಪಿ ಈಗಲೂ ಸಿಗುತ್ತದೆ. ಗೀರು ಬಿದ್ದಿದೆಯೇ ಎಂದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಆಮೇಲೆ ಚೌಕಾಸಿ ಮಾಡಿ.

ಜಾನಪದಕ್ಕೆ ಬಂದರೆ ಪರೀಕ್ಷೆ ಬೇರೆ. ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಹಾಡಿದ್ದಾರೆ. ಮಾಟುಂಗಾದ ಹಿರಿಯರು ಇಂಥ ತತ್ವಪದಗಳನ್ನು ಭಜನೆಯ ಧಾಟಿಯಲ್ಲಿ ಕೇಳಿದವರು. ಗಿಟಾರ್ ಏಕೆ ಎಂದು ಮೂಗು ಮುರಿಯಬಹುದು. ವಾದ್ಯ ಯಾವುದೇ ಇರಲಿ, ಪದದ ಒಳಗುಟ್ಟು ಕಿವಿಗೆ ಮುಟ್ಟುತ್ತದೆಯೇ, ಡ್ರಮ್ಸ್ ಅದನ್ನು ನುಂಗಿಹಾಕುತ್ತದೆಯೇ ಎಂಬುದನ್ನಷ್ಟೇ ತೂಗಿ ನೋಡಿ. ಲೋಕಲ್ ರೈಲಿನ ಗದ್ದಲದಲ್ಲಿ ಮಾತ್ರ ಈ ತೀರ್ಮಾನ ಬೇಡ.