ಟ್ಯಾಂಕ್ ತುಂಬಿದ್ದರೂ ಒತ್ತಡ ಸಾಲಲಿಲ್ಲ

2021ರ ಆಗಸ್ಟ್‌ನಲ್ಲಿ ಇಸ್ರೋದ ಜಿಎಸ್‌ಎಲ್‌ವಿ-ಎಫ್10 ರಾಕೆಟ್ಟಿನ ಕ್ರಯೋಜೆನಿಕ್ (ಅತಿಶೀತ ಇಂಧನದ) ಎಂಜಿನ್, ಟ್ಯಾಂಕಿನಲ್ಲಿ ಇಂಧನವಿದ್ದರೂ ಏಕೆ ಹೊತ್ತಿಕೊಳ್ಳಲಿಲ್ಲ, ಒಂದು ವಾಲ್ವಿನ ಸೋರಿಕೆ ಅಷ್ಟು ಗಂಭೀರವೇ ಎಂದು ಕೇಳಿದ್ದೀರಿ. ಖಂಡಿತ ಗಂಭೀರವೇ.

ಆ ಇಂಧನವಾದ ದ್ರವ ಜಲಜನಕ ಸುಮಾರು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕುದಿಯುವ ಅಂಚಿನಲ್ಲೇ ಇರುತ್ತದೆ. ಟ್ಯಾಂಕಿನ ಒತ್ತಡ ಸಾಲದಿದ್ದರೆ ಪಂಪಿನ ಬಾಯಲ್ಲೇ ಅದು ಆವಿಯಾಗತೊಡಗುತ್ತದೆ. ಪಂಪ್ ದ್ರವವನ್ನು ತಳ್ಳಬಲ್ಲದು, ಗುಳ್ಳೆಗಳನ್ನಲ್ಲ.

ಇಸ್ರೋದ ತನಿಖಾ ಸಮಿತಿ ಬೊಟ್ಟು ಮಾಡಿದ್ದು ಹೆಚ್ಚುವರಿ ಒತ್ತಡವನ್ನು ಹೊರಬಿಡುವ ವಾಲ್ವಿನತ್ತ. ಅದು ಸೋರಿ ಒತ್ತಡ ಇಳಿದದ್ದರಿಂದ ಟ್ಯಾಂಕಿನೊಳಗಿನ, ಎಂಜಿನ್ನಿನತ್ತ ಇಂಧನ ತಳ್ಳುವ ಬೂಸ್ಟರ್ ಪಂಪ್ ಸರಿಯಾಗಿ ನಡೆಯಲಿಲ್ಲ. ರಾಕೆಟ್ ಹೊತ್ತಿದ್ದ ಇಒಎಸ್-03 ಉಪಗ್ರಹ ಕೈತಪ್ಪಿತು. ವಾಲ್ವಿನ ಮೃದು ಸೀಲ್‌ಗೆ (ಸೋರದಂತೆ ತಡೆಯುವ, ಪ್ಲಾಸ್ಟಿಕ್‌ನಂಥ ಪಾಲಿಮರ್ ಭಾಗ) ಆದ ಹಾನಿಯೇ ಅತ್ಯಂತ ಸಂಭಾವ್ಯ ಕಾರಣ: ವಾಲ್ವ್ ಕೆಲಸ ಮಾಡುವಾಗಲೋ, ಅದನ್ನು ಕೂರಿಸಿದ ಜಾಗದಲ್ಲಿ ಅತಿಶೀತದಿಂದ ಹುಟ್ಟಿದ ಬಿಗಿತದಿಂದಲೋ ಆಗಿರಬಹುದು.

ನನ್ನ ಮಟ್ಟಿಗೆ ಇಡೀ ವಿಷಯದ ಕಠಿಣ ಭಾಗ ಆ ಸೀಲ್. ಅತಿಶೀತದಲ್ಲಿ ಪಾಲಿಮರ್ ತನ್ನ ಸುತ್ತಲಿನ ಲೋಹಕ್ಕಿಂತ ಹೆಚ್ಚು ಕುಗ್ಗುತ್ತದೆ, ಬಾಗುವ ಗುಣವನ್ನೂ ಕಳೆದುಕೊಂಡು ಗಡುಸಾಗುತ್ತದೆ. ಆದ್ದರಿಂದ ಕೋಣೆಯ ಉಷ್ಣಾಂಶದಲ್ಲಿ ಒಂದು ಹನಿಯೂ ಸೋರದ ವಾಲ್ವನ್ನು ನಂಬುವಂತಿಲ್ಲ. ಅದೇ ಚಳಿಯಲ್ಲಿ ಮತ್ತೆ ಮತ್ತೆ ತೆರೆದು ಮುಚ್ಚಿ ನೋಡಲೇಬೇಕು. ಪೂರ್ತಿ ಲೋಹದ ಸೀಲ್ ಹಾಕಬಹುದಲ್ಲ ಎನ್ನುತ್ತೀರಾ? ಅದನ್ನು ಸೋರದಂತೆ ಒತ್ತಿ ಹಿಡಿಯಲು ಹೆಚ್ಚು ಬಲ ಬೇಕು, ಅದರೊಂದಿಗೆ ತೂಕವೂ ಏರುತ್ತದೆ.