ಮಾಯ್ ನನ್ನ ಹೆಸರು ಮರೆತ್ರು, ಜಪ ಮರೀಲಿಲ್ಲ

ವಯಸ್ಸಾದ ತಾಯಿನೋ ತಂದೆನೋ ಕೊನೇ ತನಕ ನೋಡ್ಕೊಂಡು, ಅವರು ಹೋದ್ಮೇಲೆ ಅಳುನೇ ಬರ್ತಿಲ್ಲ ಅಂತ ಗಾಬರಿ ಆಗಿ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬರೋರು ಆಗಾಗ ಸಿಗ್ತಾರೆ, ಹೆಚ್ಚಿನವರು ಹೆಣ್ಮಕ್ಕಳೇ. ಅದಕ್ಕೇ ಈ ಒಂದು ಕೇಸ್ ಬರೀತಿದ್ದೀನಿ. ಅವರ ಒಪ್ಪಿಗೆ ತಗೊಂಡಿದ್ದೀನಿ, ಗುರುತು ಸಿಗೋ ವಿವರ ಎಲ್ಲ ಬದಲಾಯ್ಸಿದ್ದೀನಿ. ಇಲ್ಲಿ ಅವರನ್ನ, ಕೊಂಕಣಿಯಲ್ಲಿ ಹೆಣ್ಮಕ್ಕಳನ್ನ ಕರೆಯೋ ಹಾಗೆ, ಬಾಯಿ ಅಂತಷ್ಟೇ ಕರೀತೀನಿ.

ಬಾಯಿಗೆ ಅರವತ್ತರ ಹತ್ರ, ಮದುವೆ ಆಗಿಲ್ಲ, ಕಾರವಾರದಲ್ಲಿ ತಾಯಿ ಜೊತೆನೇ ಇದ್ದವರು, ಕೊಂಕಣಿ ಕ್ರಿಶ್ಚಿಯನ್ ಮನೆ. ತಾಯಿ, ಅವರ ಮಾತಲ್ಲಿ ಮಾಯ್, ತೊಂಬತ್ತು ದಾಟಿ ತೀರ್ಕೊಂಡಿದ್ರು. ಜಿಲ್ಲೆ ಇನ್ನೂ ಮುಂಬೈಗೆ ಸೇರಿದ್ದ ಕಾಲದಲ್ಲಿ ಹುಟ್ಟಿದವರು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಾಗ ಹೊಸದಾಗಿ ಮದುವೆ ಆಗಿದ್ರಂತೆ. ಮೂವತ್ತೈದು ತುಂಬೋ ಮುಂಚೆನೇ ಹಡಗಿನ ಕೆಲಸಕ್ಕೆ ಹೋಗಿದ್ದ ಗಂಡ ತೀರ್ಕೊಂಡ್ರು. ನಾಲ್ಕು ಮಕ್ಕಳು. ಗೇರುಬೀಜದ ಕೆಲಸ ಮಾಡಿ ಸಾಕಿದ್ರು. ಗೇರು ಸಿಪ್ಪೆ ಎಣ್ಣೆ ಚರ್ಮ ಸುಡುತ್ತೆ, ಕೈಗೆ ಬೂದಿ ಹಚ್ಕೊಂಡು ಬೀಜ ಒಡೆದ್ರೂ ಬೆರಳ ತುದಿ ಕಪ್ಪಾಗಿ ಸುಲಿದು ಬರುತ್ತೆ. ಆ ಬೆರಳಲ್ಲೇ ಸಂಜೆ ಜಪಸರ ಹಿಡಿದು ಕೂರ್ತಿದ್ರಂತೆ, ಮಕ್ಕಳು ತೂಕಡಿಸಿದ್ರೆ ಅದೇ ಬೆರಳಲ್ಲಿ ತೊಡೆ ಚಿವುಟ್ತಿದ್ರಂತೆ.

ಮಣ್ಣಿನ ದಿನ ಇಗರ್ಜಿ ತುಂಬಾ ಜನ. ಎಲ್ಲರ ಬಾಯಲ್ಲೂ ಒಂದೇ ಮಾತು, ಸಂತಳ ಹಾಗೆ ಬಾಳಿದ್ರು ನಿಮ್ಮ ತಾಯಿ. ತೀರ್ಕೊಂಡು ತಿಂಗಳಾದಾಗ ಇಗರ್ಜಿಲಿ ಮಾಡೋ ತಿಂಗಳ ಪೂಜೆಗೆ ಮುಂಬೈಯಿಂದ, ಮಸ್ಕತ್‌ನಿಂದ ಎಲ್ಲ ಬರೋರಿದ್ರು, ಬಾಯಿಗೆ ಹೇಳಿದ್ರು ಪೂಜೆ ಆದ್ಮೇಲೆ ಮಾಯ್ ಬಗ್ಗೆ ನಾಲ್ಕು ಮಾತು ನೀನೇ ಹೇಳು, ನೀನೇ ಅಲ್ವಾ ಜೊತೆಗಿದ್ದಿದ್ದು. ಬರೀತಾರೆ, ಹರೀತಾರೆ, ಮತ್ತೆ ಬರೀತಾರೆ. ನಿದ್ದೆ ಇಲ್ಲ. ಹಾಗೆ ನನ್ನ ಹತ್ರ ಬಂದಿದ್ದು.

ಮೊದಮೊದಲು ಬರೀ ಆಸ್ಪತ್ರೆ ಬಿಲ್ಲು, ಮನೆ ಪತ್ರ, ಇಂಥದ್ದೇ ಮಾತು. ಒಂದಿನ ಇದ್ದಕ್ಕಿದ್ದಂಗೆ ಸಿಟ್ಟಲ್ಲೇ ಹೇಳಿದ್ರು. “ಮೇಡಂ, ಕೊನೇ ಮೂರು ವರ್ಷ ಮಾಯ್ ನನ್ನ ಹೆಸರು ಹೇಳ್ಲಿಲ್ಲ. ಯಾರೋ ಕೆಲಸದವಳು ಅನ್ಕೊಂಡಿದ್ರು. ಊಟ ಮಾಡಿಸ್ತಿರೋದು ನಾನು, ಕೇಳೋದು ತಮ್ಮ ಎಲ್ಲಿ ಅಂತ. ಆದ್ರೆ ಜಪ ಒಂದಕ್ಷರ ತಪ್ಲಿಲ್ಲ. ಹಳೇ ಲ್ಯಾಟಿನ್ ಕೂಡ ಬರ್ತಿತ್ತು, ಓರಾ ಪ್ರೊ ನೋಬಿಸ್, ನಮಗಾಗಿ ಪ್ರಾರ್ಥಿಸು ಅಂತ. ನಾನು ಮಾಡಿದ್ದು ಒಂದೂ ಉಳೀಲಿಲ್ಲ, ದೇವ್ರು ಮಾತ್ರ ಉಳಿದ.”

ಇದಕ್ಕೆ ವೈದ್ಯಕೀಯದ ಉತ್ತರ ಇದೆ, ಅದನ್ನ ಹೇಳಿದೆ. ಡಿಮೆನ್ಶಿಯಾದಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಹೋಗುತ್ತೆ, ಚಿಕ್ಕಂದಿನಿಂದ ದಿನಾ ರಾಗವಾಗಿ ಹೇಳ್ಕೊಂಡು ಬಂದದ್ದು ತುಂಬಾ ತಡವಾಗಿ ಹೋಗುತ್ತೆ. 1960ರ ದಶಕದ ನಡುವಿನ ತನಕ ಪೂಜೆ ಲ್ಯಾಟಿನ್‌ನಲ್ಲೇ ಇತ್ತು, ಹುಡುಗಿಯಾಗಿದ್ದಾಗ ಕಿವಿಗೆ ಬಿದ್ದದ್ದು ಉಳ್ಕೊಂಡಿದೆ. ಯಾರ ಮೇಲೆ ಪ್ರೀತಿ ಜಾಸ್ತಿ ಅನ್ನೋ ಲೆಕ್ಕ ಅಲ್ಲ ಅದು. ಬಾಯಿ ತಲೆ ಆಡಿಸಿದ್ರು, ಮುಖ ಮಾತ್ರ ಹಂಗೇ ಬಿಗಿದಿತ್ತು.

ನಾನು ಕ್ರಿಶ್ಚಿಯನ್ ಅಲ್ಲ, ಗೊತ್ತಿಲ್ದೆ ಇದ್ದಿದ್ದಕ್ಕೇ ಕೇಳ್ದೆ, ಈ ತೇರ್ಸ್, ಅಂದ್ರೆ ಜಪಸರ ಹಿಡಿದು ಹೇಳೋ ಜಪ, ಒಬ್ಬರೇ ಹೇಳೋದಾ ಅಂತ.

“ಇಲ್ಲ ಮೇಡಂ, ಒಂದೊಂದು ಮಣಿಗೂ ಮರಿಯಮ್ಮನ ಪ್ರಾರ್ಥನೆ, ಒಬ್ರು ನಮಾನ್ ಮರಿಯೆ ಅಂತ ಅರ್ಧ ಹೇಳೋದು, ಉಳಿದವ್ರು ಭಾಗೆವಂತಿ ಮರಿಯೆ ಅಂತ ಮಿಕ್ಕಿದ್ದು.”

“ಕೊನೆಗೆ ಮಾಯ್ ಎರಡನ್ನೂ ಅವರೇ ಹೇಳ್ತಿದ್ರಾ?”

“ಇಲ್ಲ. ಅರ್ಧ ಹೇಳಿ ನಿಲ್ಲಿಸೋರು.”

“ಆಮೇಲೆ?”

“ನಾನು ಹೇಳ್ಬೇಕಿತ್ತು. ಅಡುಗೆಮನೇಲಿದ್ರೆ ಅಲ್ಲಿಂದ್ಲೇ ಕೂಗಿ ಹೇಳ್ತಿದ್ದೆ. ಹೇಳ್ದಿದ್ರೆ ಮುಂದಿನ ಮಣಿಗೆ ಹೋಗೋರಲ್ಲ.”

ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ ಅವರೇ ಲೆಕ್ಕ ಹಾಕಿದ್ರು, “ಒಂದು ತೇರ್ಸ್‌ಗೆ ಐವತ್ಮೂರು ನಮಾನ್ ಮರಿಯೆ. ದಿನಾ ಐವತ್ಮೂರು ಸಲ ನನಗೆ ಕಾದಿದ್ರು ಅಂದಂಗಾಯ್ತು.” ಅವತ್ತು ಅತ್ರು, ತುಂಬಾ ಹೊತ್ತು.

ನೋಡಿ, ನಿಮ್ಮ ತಾಯಿಗೆ ಒಳಗೊಳಗೇ ನಿಮ್ಮ ನೆನಪಿತ್ತು ಅಂತ ನಾನು ಹೇಳ್ಲಿಲ್ಲ. ನನಗದು ಗೊತ್ತಿಲ್ಲ, ಗೊತ್ತಿಲ್ದೇ ಇರೋ ಸಮಾಧಾನ ಕೊಡೋದು ನನ್ನ ಕೆಲಸ ಅಲ್ಲ. ಕಾಯ್ತಿದ್ರು ಅನ್ನೋದು ಮಾತ್ರ ನಡೆದ ಸಂಗತಿ, ಅದನ್ನ ಅವರೇ ಹುಡುಕ್ಕೊಂಡ್ರು.

ನಾನು ಕೊಟ್ಟ ಸಲಹೆ ಇಷ್ಟೇ. ತಿಂಗಳ ಪೂಜೇಲಿ ಮಾತಾಡ್ಬೇಡಿ, ಅದನ್ನ ಬೇರೆಯವರು ಮಾಡ್ಲಿ. ಮನೇಲಿ ನಾಲ್ಕು ಮಕ್ಕಳೇ ಕೂತಾಗ ಮಾಯ್ ಹೆಂಗಿದ್ರೋ ಹಂಗೆ ಹೇಳಿ, ಚಿವುಟಿದ್ದು, ನಿಮ್ಮ ಮದುವೆ ಮಾತು ಬಂದಾಗೆಲ್ಲ ತಳ್ಳಿ ಹಾಕಿದ್ದು, ಕೊನೇ ಮೂರು ವರ್ಷದ ರಾತ್ರಿಗಳು, ಎಲ್ಲ ಹೇಳಿ. ಸಂತಳ ಮೇಲೆ ಸಿಟ್ಟು ಮಾಡ್ಕೊಳ್ಳೋಕಾಗಲ್ಲ, ಸಿಟ್ಟು ಒಳಗೇ ಇದ್ರೆ ದುಃಖಾನೂ ಹೊರಗೆ ಬರಲ್ಲ, ಇದನ್ನ ನಾನು ಎಷ್ಟೋ ಮನೇಲಿ ನೋಡಿದ್ದೀನಿ. ಸತ್ತವರನ್ನ ಹೊಗಳೋದು ತಪ್ಪಲ್ಲ, ಆದ್ರೆ ಅವರ ಮಲಮೂತ್ರ ಬಳಿದವರ ಮುಂದೆ ಬರೀ ಹೊಗಳಿಕೆನೇ ಸುರಿದ್ರೆ ಅವರು ಬಾಯಿ ಬಿಡೋಕೆ ಜಾಗನೇ ಇರಲ್ಲ. ಸಿಟ್ಟು ಪಾಪನಾ ಅಂತ ಕೇಳಿದ್ರು, ಅದನ್ನ ನಿಮ್ಮ ಫಾದರ್ ಹತ್ರ ಕೇಳಿ, ಅದು ನನ್ನ ಜಾಗ ಅಲ್ಲ ಅಂದೆ. ಫಾದರ್ ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯ ಓದೋಕೆ ಹೇಳಿದ್ರಂತೆ, ಲಾಜರ ಸತ್ತಾಗ ಮಾರ್ತಾ ಯೇಸುವಿಗೇ ನೀವು ಇಲ್ಲಿದ್ದಿದ್ರೆ ನನ್ನ ತಮ್ಮ ಸಾಯ್ತಿರಲಿಲ್ಲ ಅಂತ ಹೇಳೋ ಭಾಗ.

ಅಳು ಬರ್ದೇ ಇರೋದು ಕಾಯಿಲೆ ಅಲ್ಲ, ಇದನ್ನ ಓದ್ತಿರೋ ನಿಮಗೂ ಹೇಳ್ತೀನಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ದೀರ್ಘ ದುಃಖದ ಸಮಸ್ಯೆ ಅಂತ ಹೆಸರಿಡೋಕೆ ಕಮ್ಮಿ ಅಂದ್ರೂ 6 ತಿಂಗಳು ಆಗಿರ್ಬೇಕು, ದಿನದ ಬದುಕೇ ಕೆಟ್ಟಿರ್ಬೇಕು. ಹಾಗಾಗಿದ್ರೆ, ಇಲ್ಲಾ ಸಾಯೋ ಯೋಚನೆ ಬಂದ್ರೆ ಆರು ತಿಂಗಳು ಕಾಯೋದೇನೂ ಬೇಡ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.

ಮನೇಲಿ ಬಾಯಿ ಎಲ್ಲ ಹೇಳಿದ್ರು. ತಮ್ಮನಿಗೆ ಸಿಟ್ಟು ಬಂತು, ದೇವರಂಥ ತಾಯಿ ಬಗ್ಗೆ ಹೀಗೆಲ್ಲ ಮಾತಾಡೋಕೆ ನೀವು ಹೇಳ್ಕೊಟ್ರಾ ಅಂತ ನನಗೇ ಫೋನ್ ಮಾಡಿದ್ರು. ನನ್ನ ಹತ್ರ ಯಾರು ಬರ್ತಾರೆ, ಏನು ಮಾತಾಡ್ತಾರೆ ಅನ್ನೋದನ್ನ ಮನೆಯವರಿಗೂ ಹೇಳಲ್ಲ, ಅಕ್ಕನ ಹತ್ರ ನೀವೇ ಮಾತಾಡಿ ಅಂದೆ. ಸಲಹೆ ಬಗ್ಗೆ ನನಗೆ ಅನುಮಾನ ಇಲ್ಲ, ಮತ್ತೆ ಅಂಥವರು ಬಂದ್ರೂ ಇದನ್ನೇ ಹೇಳ್ತೀನಿ. ಬಾಯಿ ಈಗ್ಲೂ ಬರ್ತಾರೆ. ಮಾಯ್‌ನ ಮಗ್ಗುಲು ಬದಲಾಯಿಸ್ತಿದ್ದ ಹೊತ್ತಿಗೆ, ಬೆಳಗಿನ ಜಾವ ಮೂರಕ್ಕೆ ಇನ್ನೂ ಎಚ್ಚರ ಆಗುತ್ತಂತೆ, ಸದ್ಯಕ್ಕೆ ಆ ನಿದ್ದೆ ವಿಷಯನೇ ನೋಡ್ತಿದ್ದೀವಿ.