ಮಂಗಳೂರು ಬಳಿಯ ತೊಕ್ಕೊಟ್ಟಿನಲ್ಲಿ ಕಾರು ಗುದ್ದಿ ಕಾಲು ಮುರಿದಿದೆ, ಮನೆ ಕಾಸರಗೋಡು ಜಿಲ್ಲೆಯ ಉಪ್ಪಳ. ಪರಿಹಾರದ ಕೇಸು ಎಲ್ಲಿ ಹಾಕಬೇಕು?

ಕಾಸರಗೋಡಿನಲ್ಲೇ ಹಾಕಬಹುದು. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಂತೆ ಅಪಘಾತ ನಡೆದ ಸ್ಥಳ, ಗಾಯಾಳುವಿನ ಊರು, ಎದುರುದಾರರ ಊರು, ಇವುಗಳಲ್ಲಿ ಯಾವ ನ್ಯಾಯಮಂಡಳಿಯನ್ನಾದರೂ ಆರಿಸುವ ಹಕ್ಕು ನಿಮ್ಮದು. ಪ್ಲಾಸ್ಟರು ಹಾಕಿದ ಕಾಲಿನಲ್ಲಿ ಮಂಗಳೂರಿಗೆ ಅಲೆಯಬೇಡಿ. ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಿಬಿಡಿ. 2022ರ ಏಪ್ರಿಲ್ 1ರಿಂದ ಈ ಗಡುವು ಜಾರಿಯಲ್ಲಿದೆ.

ಪೊಲೀಸ್ ದೂರನ್ನು ಯಾವ ಠಾಣೆಯಲ್ಲೂ ಕೊಡಬಹುದು, ಆದರೆ ಎಫ್‌ಐಆರ್‌ನ ತನಿಖೆ ಘಟನೆ ನಡೆದ ಕಡೆಯ ಠಾಣೆಗೆ ಹೋಗುತ್ತದೆ. ಕೇಸು ಹಾಳಾಗುವುದು ಅದಕ್ಕೂ ಮೊದಲು, ಆಸ್ಪತ್ರೆಯ ಕ್ಯಾಶುವಲ್ಟಿಯಲ್ಲಿ. ಗಡಿಬಿಡಿಯಲ್ಲಿ ಯಾರೋ "ಬಿದ್ದು ಗಾಯ" ಎಂದು ಬರೆಸುತ್ತಾರೆ, ಮುಂದೆ ವಿಮಾ ಕಂಪನಿಯ ವಕೀಲರು ಅದನ್ನೇ ಹಿಡಿಯುತ್ತಾರೆ. ಕಾರು ಗುದ್ದಿದ್ದೆಂದು ಮೊದಲ ದಿನವೇ ಬರೆಸಿ, ನಂಬರು ಗೊತ್ತಿದ್ದರೆ ಅದನ್ನೂ ಸೇರಿಸಿ.

ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ವೈದ್ಯರು ಕೊಡುವ ಪತ್ರ), ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಮದ್ದಿನ ಅಸಲು ಬಿಲ್ಲು, ಆದಾಯದ ದಾಖಲೆ ಜೋಪಾನವಾಗಿರಲಿ. ಬೀಡಿ ಕಟ್ಟುವವರಾದರೆ ವಾರದ ಲೆಕ್ಕದ ಪುಸ್ತಕವೂ ಬೇಕು. ದಾಖಲೆ ಇಲ್ಲದಿದ್ದರೆ ನ್ಯಾಯಮಂಡಳಿ ಅಂದಾಜಿನ ಆದಾಯ ಹಿಡಿಯುತ್ತದೆ, ಅದು ಬಹಳ ಸಲ ಕಡಿಮೆಯೇ. ಅಂಗವೈಕಲ್ಯದ ಸರ್ಟಿಫಿಕೇಟನ್ನು ಚಿಕಿತ್ಸೆ ಪೂರ್ತಿಯಾದ ಮೇಲೆ ಮಾಡಿಸಿ.

ಚಾಲಕನ ತಪ್ಪನ್ನು ತೋರಿಸಲಾಗದಿದ್ದರೂ ತೀವ್ರ ಗಾಯಕ್ಕೆ 164ನೇ ಕಲಮಿನಲ್ಲಿ 2.5 ಲಕ್ಷ ರೂಪಾಯಿ ಸಿಗುತ್ತದೆ. ಆದರೆ ಅದನ್ನು ಒಪ್ಪಿಕೊಂಡರೆ 166ರ ಅರ್ಜಿ ಬಿದ್ದುಹೋಗುತ್ತದೆ. ವಕೀಲರನ್ನು ಕೇಳದೆ ಯಾವ ರಾಜಿ ಪತ್ರಕ್ಕೂ ಸಹಿ ಹಾಕಬೇಡಿ.